ಕಿಟ್ ಬೇಡ, ಒಂದು ಐಪೀಸ್ ಸಾಕು

ಪ್ರಶ್ನೆ: ನನ್ನ ಹತ್ತಿರ 130 ಮಿ.ಮೀ. ಕನ್ನಡಿಯ, 650 ಮಿ.ಮೀ. ಫೋಕಲ್ ಲೆಂಗ್ತ್‌ನ ನ್ಯೂಟೋನಿಯನ್ ಟೆಲಿಸ್ಕೋಪ್ ಇದೆ. ಜೊತೆಗೆ 25 ಮತ್ತು 10 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಬಂದಿವೆ. ತಾರಸಿಯಿಂದ ನೋಡಿದರೆ ಗುರು ಗ್ರಹ ತೀರಾ ಚಿಕ್ಕದಾಗಿ ಕಾಣುತ್ತದೆ. ಐದು ಐಪೀಸ್, ಬಣ್ಣ ಬಣ್ಣದ ಫಿಲ್ಟರ್ ಇರುವ ಕಿಟ್ ಕೊಳ್ಳಬಹುದೇ? ನಾನು ಕನ್ನಡಕ ಹಾಕುತ್ತೇನೆ.
— ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಅಂಥ ಕಿಟ್‌ನಲ್ಲಿ ಬಳಕೆಗೆ ಬರುವುದು ಎರಡೋ ಮೂರೋ. ಉಳಿದವು ಡಬ್ಬಿ ಬಿಟ್ಟು ಹೊರಗೆ ಬರುವುದಿಲ್ಲ.

ಫೋಕಲ್ ಲೆಂಗ್ತ್ 650 ಅನ್ನು ಐಪೀಸ್ ಮೇಲಿನ ಅಂಕಿಯಿಂದ ಭಾಗಿಸಿ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಸಿಗುತ್ತದೆ. 25ರಲ್ಲಿ 26 ಪಟ್ಟು, 10ರಲ್ಲಿ 65 ಪಟ್ಟು. ಗುರುವಿಗೆ 65 ಕಡಿಮೆಯೇ, ನಿಮ್ಮ ದೂರು ಸರಿ. ಒಂದು 6 ಮಿ.ಮೀ. ಐಪೀಸ್ ತಗೊಳ್ಳಿ, 108 ಪಟ್ಟು ಆಗುತ್ತದೆ. ನಿಮ್ಮ ಕನ್ನಡಿಗೆ 260ರವರೆಗೂ ಹೋಗಬಹುದು ಅಂತ ಲೆಕ್ಕ ಹೇಳುತ್ತದೆ, ಆದರೆ ಗಾಳಿ ಬಿಡಬೇಕಲ್ಲ! ಹಗಲೆಲ್ಲ ಕಾದ ತಾರಸಿ ರಾತ್ರಿ ಬಿಸಿ ಬಿಡುತ್ತಿರುತ್ತದೆ. ಆಗ ಗುರು ನೀರಿನಡಿಯ ನಾಣ್ಯದ ಹಾಗೆ ಕುಣಿಯುತ್ತದೆ. ಪಟ್ಟು ಏರಿಸಿದರೆ ಕುಣಿತವೂ ಏರುತ್ತದೆ, ಅಷ್ಟೇ. ಅಂಗಳದ ಮಣ್ಣಿನ ಮೇಲಿಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಕನ್ನಡಕ. ಪ್ಲಾಸಲ್ ಅನ್ನೋ ಮಾಮೂಲಿ ಬಗೆಯ 6 ಮಿ.ಮೀ. ಐಪೀಸ್ ಮಾತ್ರ ಕೊಳ್ಳಬೇಡಿ. ಅದರಲ್ಲಿ ಕಣ್ಣನ್ನು ಗಾಜಿಗೆ ಸುಮಾರು 4 ಮಿ.ಮೀ. ಹತ್ತಿರ ತರಬೇಕು, ರೆಪ್ಪೆಕೂದಲು ತಾಗಿ ಗಾಜು ಜಿಡ್ಡಾಗುತ್ತದೆ. 66 ಡಿಗ್ರಿ ನೋಟದ 6 ಮಿ.ಮೀ. ಐಪೀಸ್‌ಗಳಲ್ಲಿ ಈ ಅಂತರ 15 ಮಿ.ಮೀ.ನಷ್ಟು ಇರುವಂಥವು ಸಿಗುತ್ತವೆ, ಬೆಲೆಯೂ ಹೊರೆಯಲ್ಲ. ಬರೀ ದೂರದ್ದೋ ಹತ್ತಿರದ್ದೋ ದೃಷ್ಟಿದೋಷ ಆಗಿದ್ದರೆ ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿಕೊಂಡರೆ ಆಯಿತು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ವಕ್ರತೆ ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಜಾಸ್ತಿ ಇದ್ದವರಿಗೆ 25ರಲ್ಲಿ ಕನ್ನಡಕ ಬೇಕಾಗಬಹುದು.

ಬಣ್ಣದ ಫಿಲ್ಟರ್‌ಗಳಿಗೆ ದುಡ್ಡು ಹಾಕಬೇಡಿ. ಚಂದ್ರನಿಗೂ ಬೇಡ. ಕೊಳವೆಯ ಮುಚ್ಚಳದಲ್ಲೇ ಇನ್ನೊಂದು ಪುಟ್ಟ ಮುಚ್ಚಳ ಇದೆಯಾ ನೋಡಿ. ಇದ್ದರೆ ಅದನ್ನಷ್ಟೇ ತೆಗೆದು ಹುಣ್ಣಿಮೆ ಚಂದ್ರನನ್ನು ನೋಡಿ, ಕಣ್ಣಿಗೆ ಹಿತ.

ಕೊಳ್ಳಲೇಬೇಕು ಅನ್ನಿಸಿದರೆ ಯುಎಚ್‌ಸಿ ಅನ್ನೋ ಒಂದು ಫಿಲ್ಟರ್ ಸಾಕು. ಅದು ನೆಬ್ಯುಲಾ ಅನ್ನೋ ಬಾಹ್ಯಾಕಾಶದ ಅನಿಲ ಮೋಡಗಳಲ್ಲಿನ ಹೈಡ್ರೋಜನ್, ಆಮ್ಲಜನಕ ಸೂಸುವ 486, 496, 501 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಬಿಟ್ಟು ಉಳಿದದ್ದನ್ನು ಹೆಚ್ಚುಕಡಿಮೆ ತಡೆಯುತ್ತದೆ. ಗೆಲಾಕ್ಸಿಗಳಿಗೆ ಸುಮ್ನೆ ದಂಡ. ಇದನ್ನು 25 ಮಿ.ಮೀ. ಐಪೀಸ್‌ಗೆ ತಿರುಗಿಸಿ, ಊರ ಬೆಳಕು ಬಿಟ್ಟು ಆಚೆ ಹೋಗಿ. ಏಪ್ರಿಲ್ ರಾತ್ರಿ ದಕ್ಷಿಣಕ್ಕೆ ನೇರ, ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಈಟಾ ಕೆರೀನಾ ನೆಬ್ಯುಲಾ ಸಿಗುತ್ತದೆ. ಫಿಲ್ಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ನೋಡಿ. ನಡುವಿನ ಕಪ್ಪು ಸೀಳು ಎದ್ದು ಕಾಣುತ್ತದೆ. ದೆಹಲಿಯವರಿಗೆ ಇದು ದಿಗಂತ ಬಿಟ್ಟು ಮೇಲೇಳುವುದೇ ಕಷ್ಟ, ನಮ್ಮ ಪುಣ್ಯ ನೋಡಿ!

ಒಂದು ಮಾತು ಕಟ್ಟುನಿಟ್ಟಾಗಿ. ಯಾವ ಕಿಟ್‌ನಲ್ಲಾದರೂ ಐಪೀಸ್‌ಗೆ ತಿರುಗಿಸುವ ‘ಸನ್’ ಫಿಲ್ಟರ್ ಬಂದರೆ ಯಾರ ಕೈಗೂ ಸಿಗದಂತೆ ಒಡೆದು ಬಿಸಾಡಿ. ಕನ್ನಡಿ ಒಟ್ಟುಗೂಡಿಸಿದ ಬಿಸಿಗೆ ಆ ಗಾಜು ಬಿರುಕು ಬಿಟ್ಟರೆ ಕಣ್ಣು ಹೋಯಿತು. ಸೂರ್ಯನ ಫಿಲ್ಟರ್ ಕೊಳವೆಯ ಮುಂದಿನ ಬಾಯಿಗೇ ಇರಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಐಪೀಸ್‌ಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಹರಳು ಸಿಗುತ್ತದೆ, ಅದನ್ನೇ ತನ್ನಿ. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಚರ್ಮದ ಪೌಚ್‌ನಲ್ಲಿ ಮಾತ್ರ ಇಡಬೇಡಿ.