ಮರಗಪ್ಪೆಗೆ ಎಂಥ ಗೂಡು?

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಮಗಳಿಗೆ ಆಸ್ಟ್ರೇಲಿಯಾದ ಹಸಿರು ಮರಗಪ್ಪೆ ತರುವವರಿದ್ದೇವೆ. ಮನೆಯಲ್ಲಿರುವ ಹಳೆಯ ಮೀನಿನ ತೊಟ್ಟಿ ಸಾಕೇ? ನೀರು ಎಷ್ಟು ಚಿಮುಕಿಸಬೇಕು?

ಉತ್ತರ: ತೊಟ್ಟಿ ಬೇಡ. ಇದು ಹತ್ತುವ ಪ್ರಾಣಿ, ಅಗಲಕ್ಕಿಂತ ಎತ್ತರ ಮುಖ್ಯ. ಸುಮಾರು 10 ಸೆಂ.ಮೀ. ಬೆಳೆಯುವ ಈ ಕಪ್ಪೆಗೆ 45×45×60 ಸೆಂ.ಮೀ. ಗಾಜಿನ ಗೂಡು, ಜಾಲರಿಯ ಮುಚ್ಚಳ ಇರಲಿ. ತಳಕ್ಕೆ 5 ಸೆಂ.ಮೀ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹರಡಿ. ಸಣ್ಣ ಜಲ್ಲಿಕಲ್ಲು ಖಂಡಿತ ಬೇಡ: ಹುಳುವಿನ ಜೊತೆ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ಕಪ್ಪೆಯ ಭಾರ ತಡೆಯುವ ದಪ್ಪ ಕೊಂಬೆಗಳನ್ನು ಓರೆಯಾಗಿ ಬಿಗಿಯಿರಿ.

ಹೊಸಬರು ಎಡವುವುದು ನೀರಿನಲ್ಲಿ. ದಿನಕ್ಕೊಮ್ಮೆ, ಸಂಜೆ ಚಿಮುಕಿಸಿ, ಮುಂದಿನ ಸರದಿಯೊಳಗೆ ಎಲೆ, ಗಾಜು ಒಣಗಬೇಕು. ಸದಾ ಒದ್ದೆ, ಗಾಳಿಯಾಡದ ಗೂಡಿನಲ್ಲಿ ಚರ್ಮಕ್ಕೆ ಸೋಂಕು ತಗಲುತ್ತದೆ. ತೇವಾಂಶ 50–60% ಸಾಕು. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಕ್ಲೋರಮೈನ್ (ಕ್ಲೋರಿನ್, ಅಮೋನಿಯ ಕೂಡಿದ ರಾಸಾಯನಿಕ) ಹೋಗದು. ಅಮೆರಿಕದ ಅನೇಕ ನಗರಗಳು ಅದನ್ನೇ ಬೆರೆಸುತ್ತವೆ. ಆದ್ದರಿಂದ ಎರಡನ್ನೂ ನಿವಾರಿಸುವ ದ್ರಾವಣ ಹಾಕಿದ ನೀರನ್ನೇ ಬಳಸಿ. ಬಟ್ಟಲಿನ ನೀರನ್ನು ದಿನವೂ ಬದಲಿಸಿ.

ಹಗಲು 24–28 ಡಿಗ್ರಿ ಸೆಲ್ಸಿಯಸ್, ರಾತ್ರಿ 20ರ ಆಸುಪಾಸು ಇರಲಿ. ಗೂಡು ಬೆಚ್ಚಗಿಡುವ ವಿದ್ಯುತ್ ಹಾಳೆಯಾದ ಹೀಟ್ ಮ್ಯಾಟನ್ನು ತಳಕ್ಕಲ್ಲ, ಪಕ್ಕದ ಗಾಜಿನ ಹೊರಗೆ ಅಂಟಿಸಿ; ತಾಪ ನಿಯಂತ್ರಿಸುವ ಥರ್ಮೋಸ್ಟಾಟ್ ಇಲ್ಲದೆ ಹಚ್ಚಲೇಬೇಡಿ. ಕಪ್ಪೆ ತರುವ ಒಂದು ವಾರ ಮೊದಲೇ ಗೂಡು ನಡೆಸಿ, ತಾಪ, ತೇವಾಂಶದ ಅಂಕಿಗಳು ಸ್ಥಿರವಾಗಿವೆಯೇ ನೋಡಿ. ಕಾಡಿನಿಂದ ಹಿಡಿದದ್ದನ್ನಲ್ಲ, ಸಾಕಣೆಯಲ್ಲೇ ಹುಟ್ಟಿದ ಕಪ್ಪೆಯನ್ನೇ ಕೊಳ್ಳಿ.