ಓದುಗರ ಪ್ರಶ್ನೆ: ಹಳೆಯ ಮರದ ಫಲಕಗಳ ಗುರುತು ಮತ್ತು ಬೆಲೆ

ಪ್ರಶ್ನೆ: ನಮ್ಮ ತಾತನವರು ದೇವರಾಜ ಮಾರುಕಟ್ಟೆಯ ಬಳಿ ಜವಳಿ ಅಂಗಡಿ ನಡೆಸುತ್ತಿದ್ದರು. ಅದರ ಬೋರ್ಡು ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಂಗುಲ ದಪ್ಪ. ಅಂಚಿಗೆ ಬಳ್ಳಿಯ ಕೆತ್ತನೆ, ನಡುವೆ ಚಿನ್ನದ ಬಣ್ಣದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳು, ಕೆಳಗೆ ‘ಸ್ಥಾಪನೆ 1919’ ಎಂಬ ಬರಹ. ನೋಡಲು ಬಂದ ಒಬ್ಬ ವ್ಯಾಪಾರಿ ಇದು ಬೀಟೆಯಲ್ಲ, ಸಾಧಾರಣ ಮರ ಎಂದು ತೀರಾ ಕಡಿಮೆ ಬೆಲೆ ಕೇಳಿದರು. ಇನ್ನೊಬ್ಬರು ಇದಕ್ಕೆ ನೂರು ವರ್ಷ ದಾಟಿದೆ ಎಂದರು. ಯಾರ ಮಾತನ್ನು ನಂಬಬೇಕು?
— ಓದುಗರು, ಕೃಷ್ಣಮೂರ್ತಿಪುರಂ, ಮೈಸೂರು

ಉತ್ತರ: ಇಬ್ಬರನ್ನೂ ನಂಬುವ ಮೊದಲು ಫಲಕವನ್ನು ತಿರುವಿಹಾಕಿ ಬೆನ್ನು ನೋಡಿ. ಮುಂಭಾಗವನ್ನು ಪ್ರತಿ ದಸರೆಗೂ ಒರೆಸಿ, ಬಣ್ಣ ಬಳಿಸಿ, ಹೊಸದರಂತೆ ಮಾಡುವ ರೂಢಿ ನಮ್ಮ ಪೇಟೆಗಳಲ್ಲಿ ಇದ್ದುದರಿಂದ ಮುಖವನ್ನು ನೋಡಿ ವಯಸ್ಸು ಹೇಳುವುದು ಕಷ್ಟ. ಆದರೆ ಗೋಡೆಗೆ ಒರಗಿದ್ದ ಬೆನ್ನನ್ನು ಯಾರೂ ಮುಟ್ಟಿರುವುದಿಲ್ಲ. ಅಲ್ಲಿ ಕೈಯಿಂದ ಹೊಡೆದ ಕೀಸುಳಿಯ (ಬಡಗಿಯವರು ಹಲಗೆ ನಯ ಮಾಡುವ ಉಪಕರಣ) ಅಲೆಯಂಥ ಗುರುತು ಬೆರಳಿಗೆ ತಗಲುತ್ತದೆಯೋ, ಸಾಮಿಲ್ಲಿನ ದುಂಡು ಗರಗಸ ಬಿಟ್ಟ ಕಮಾನಿನಂಥ ಗೆರೆಗಳು ಕಾಣುತ್ತವೆಯೋ ಎಂಬುದನ್ನು ಗಮನಿಸಿ. ಮೊದಲನೆಯದು ಹಳೆಯ ಕೈಕೆಲಸದ ಸೂಚನೆ, ಎರಡನೆಯದು ಯಂತ್ರದಲ್ಲಿ ಕೊಯ್ದದ್ದರ ಸೂಚನೆ. ಹಲಗೆಗಳನ್ನು ಹಿಡಿದಿಟ್ಟಿರುವ ಅಡ್ಡಪಟ್ಟಿಯ ಸ್ಕ್ರೂಗಳ ತಲೆಯಲ್ಲಿ ಒಂದೇ ಗೀಟಿದ್ದರೆ ಅದು ಹಳೆಯ ಕೆಲಸವಿರಬಹುದು. ಪ್ಲಸ್ ಗುರುತಿದ್ದರೆ ಆ ಸ್ಕ್ರೂ ಈಚಿನದು. ಸ್ಕ್ರೂ ಬದಲಾಯಿಸುವುದು ಸುಲಭವಾದ್ದರಿಂದ ಅದರ ಸುತ್ತಲಿನ ಮರವನ್ನೂ ನೋಡಬೇಕು. ಮರದ ಒಗರಿನ ಅಂಶಕ್ಕೂ ಕಬ್ಬಿಣಕ್ಕೂ ತೇವದಲ್ಲಿ ಬಹುಕಾಲ ಒಡನಾಟವಾದರೆ ಮೊಳೆಯ ಸುತ್ತ ಕಪ್ಪು ಕಲೆ ಹರಡುತ್ತದೆ. ತುಕ್ಕು ಹಿಡಿದ ಸ್ಕ್ರೂವಿನ ಸುತ್ತ ಮರ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನಪಡುವುದು ನ್ಯಾಯ.

ಮರದ ಜಾತಿಯನ್ನು ಬಣ್ಣದಿಂದ ಹೇಳಲು ಹೋಗಬೇಡಿ, ಏಕೆಂದರೆ ಪಾಲಿಶ್ ಹಚ್ಚಿದ ಯಾವ ಮರವನ್ನಾದರೂ ಬೀಟೆಯಂತೆ ತೋರಿಸಬಹುದು. ತೂಕ ಹಾಕಿ. ನಿಮ್ಮ ಅಳತೆಯ ಪ್ರಕಾರ ಹಲಗೆ ಮುಕ್ಕಾಲು ಘನ ಅಡಿಯಾಗುತ್ತದೆ. ಅಷ್ಟು ತೇಗ ಹೆಚ್ಚುಕಡಿಮೆ 14 ಕಿಲೋ ತೂಗಿದರೆ ಅಷ್ಟೇ ಬೀಟೆ 18 ಕಿಲೋ ಆಸುಪಾಸಿನಲ್ಲಿರುತ್ತದೆ. ಕೆತ್ತನೆಯ ಅಂಚು ಬೇರೆ ಮರದ್ದಾಗಿರಬಹುದು ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಆದರೆ ನನ್ನ ಅಭಿಪ್ರಾಯದಲ್ಲಿ ಅಂಗಡಿ ಫಲಕದ ವಿಷಯದಲ್ಲಿ ಮರದ ಜಾತಿಗೆ ಎರಡನೆಯ ಸ್ಥಾನ. ಆ ವ್ಯಾಪಾರಿ ಅದನ್ನೇ ಮೊದಲು ಎತ್ತಿದ್ದು ಬೆಲೆ ಇಳಿಸುವುದಕ್ಕಾಗಿ. ಸಾಧಾರಣ ಹಲಸಿನ ಹಲಗೆಯ ಮೇಲಿನ ಒಳ್ಳೆಯ ಬರಹಕ್ಕೆ ಬರಿಯ ಬೀಟೆ ಹಲಗೆಗಿಂತ ಹೆಚ್ಚು ಬೆಲೆ ಸಲ್ಲಬೇಕು.

‘ಸ್ಥಾಪನೆ 1919’ ಎಂಬುದು ಅಂಗಡಿಯ ಹುಟ್ಟಿದ ವರ್ಷವೇ ಹೊರತು ಬೋರ್ಡಿನದಲ್ಲ, ಮತ್ತು ನೂರು ವರ್ಷ ಎಂದವರು ಬಹುಶಃ ಅದನ್ನೇ ಓದಿ ಹೇಳಿದ್ದಾರೆ. ಬೋರ್ಡು ಯಾವಾಗ ಬರೆದದ್ದು ಎಂಬುದನ್ನು ವಿಳಾಸ ಹೇಳುತ್ತದೆ. ಆರಂಕಿಯ ಪಿನ್ ಕೋಡ್ ಇದ್ದರೆ ಆ ಸಾಲು 1972ರ ಆಗಸ್ಟ್ 15ರ ಈಚಿನದು. ‘ಕರ್ನಾಟಕ’ ಎಂದಿದ್ದರೆ ರಾಜ್ಯದ ಹೆಸರು ಬದಲಾದ 1973ರ ನವೆಂಬರ್ 1ರ ಈಚಿನದೆಂದು ಊಹಿಸಬಹುದು. ಬೆಲೆಯನ್ನು ಆಣೆಯಲ್ಲಿ ಬರೆದಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನ ಕಿರಿದಾದ ಅವಧಿಯೇ ಸಿಕ್ಕಂತಾಗುತ್ತದೆ. ಕೆಳಗಿನ ಬಲ ಮೂಲೆಯಲ್ಲಿ ಬೋರ್ಡು ಬರೆದವರು ಚಿಕ್ಕದಾಗಿ ತಮ್ಮ ಹೆಸರನ್ನೋ ‘ಆರ್ಟ್ಸ್’ ಎಂಬ ಅಂಗಡಿಯ ಹೆಸರನ್ನೋ ಹಾಕಿರುತ್ತಾರೆ, ಅದನ್ನು ಭೂತಗನ್ನಡಿಯಿಂದ ಹುಡುಕಿ.

ಇನ್ನೊಂದು ಪರೀಕ್ಷೆಯನ್ನು ರಾತ್ರಿ ಮಾಡಬೇಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಫಲಕದ ಒಂದು ತುದಿಯಲ್ಲಿ ಹಲಗೆಗೆ ತಾಗುವಂತೆ ಮಲಗಿಸಿ ಹಿಡಿಯಿರಿ. ಬೆಳಕು ಮೇಲ್ಮೈಯ ಮೇಲೆ ಅಡ್ಡಲಾಗಿ ಹರಿದಾಗ, ಈಗ ಕಾಣುವ ಅಕ್ಷರಗಳ ಅಡಿಯಲ್ಲಿ ಹೂತುಹೋದ ಹಳೆಯ ಅಕ್ಷರಗಳ ಅಂಚು ಸಣ್ಣ ದಿಣ್ಣೆಯಾಗಿ ಎದ್ದು ಕಾಣುತ್ತದೆ. ಹಳೆಯ ಹೆಸರು, ಬೇರೆ ಬೀದಿಯ ವಿಳಾಸ, ಪಾಲುದಾರರ ಹೆಸರು ಇವೆಲ್ಲ ಹೀಗೆ ಓದಿಗೆ ಸಿಗಬಹುದು. ಕಂಡದ್ದನ್ನು ಆ ಬೆಳಕಿನಲ್ಲಿಯೇ ಫೋಟೋ ತೆಗೆದಿಡಿ. ಕೆರೆದು ನೋಡಲು ಹೋಗಬೇಡಿ. ಚಿನ್ನದ ಬಣ್ಣದ ನಿಜವೂ ಇದೇ ಸಮಯದಲ್ಲಿ ಗೊತ್ತಾಗುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಬಳಸುವಂಥ ಅಸಲಿ ಚಿನ್ನದ ರೇಕು, ಅಂದರೆ ತೆಳು ಹಾಳೆಯಾದರೆ ಕಳೆಗುಂದುವುದಿಲ್ಲ, ಒಂದು ರೇಕಿನ ಮೇಲೆ ಇನ್ನೊಂದು ಕೂತ ಕಡೆ ತೆಳುವಾದ ಗೆರೆ ಕಾಣುತ್ತದೆ. ತಾಮ್ರ ಬೆರೆತ ಪುಡಿಯಿಂದ ಬರೆದದ್ದಾದರೆ ಕಾಲಕ್ರಮದಲ್ಲಿ ಕಂದಾಗಿ, ಕೆಲವೆಡೆ ಹಸಿರಾಗಿ ತಿರುಗಿರುತ್ತದೆ.

ಈಗ ಬೆಲೆಯ ಮಾತು. ಇಂಥ ಫಲಕಕ್ಕೆ ಅಂಗಡಿಯವರು ಹೇಳುವ ಬೆಲೆ ಬೇರೆ, ಅದೇ ಅಂಗಡಿಯವರು ನಿಮಗೆ ಕೊಡುವ ಬೆಲೆ ಬೇರೆ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಬೇರೆ; ನೀವು ಹೋಲಿಸಬೇಕಾದದ್ದು ಮೂರನೆಯದನ್ನು. ತಳಮಟ್ಟವನ್ನು ನೀವೇ ಲೆಕ್ಕ ಹಾಕಬಹುದು: ಮುಕ್ಕಾಲು ಘನ ಅಡಿ ಹಳೆಯ ಮರಕ್ಕೆ ಟಿಂಬರ್ ಡಿಪೋದಲ್ಲಿ ಇಂದು ಏನು ದರವಿದೆಯೋ ಅದಕ್ಕಿಂತ ಕಡಿಮೆ ಕೇಳುವವರ ಜೊತೆ ಚೌಕಾಶಿಯೇ ಬೇಡ. ಅದರ ಮೇಲೆ ಬೆಲೆ ಏರಿಸುವುದು ಬರಹದ ಸೊಗಸು, ಊರು ಮತ್ತು ಕಸುಬಿನ ಹೆಸರು ಸ್ಪಷ್ಟವಾಗಿರುವುದು, ಮತ್ತು ಈ ಫಲಕ ಆ ಅಂಗಡಿಯದೇ ಎಂದು ತೋರಿಸುವ ಪುರಾವೆ. ತಾತನವರ ಬಿಲ್ ಪುಸ್ತಕ, ಲೈಸೆನ್ಸ್ ಕಾಗದ, ಅಂಗಡಿಯ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೋದಲ್ಲಿ ಈ ಬೋರ್ಡು ಕಂಡರೂ ಸಾಕು, ಅದನ್ನು ಫಲಕದ ಜೊತೆಯಲ್ಲಿಯೇ ಇಡಿ. ಹೋಟೆಲು, ಹೋಂಸ್ಟೇಗಳಿಗೆ ಅಲಂಕಾರ ಮಾಡಿಸುವವರು ಅಳತೆ ನೋಡಿ ಕೊಳ್ಳುತ್ತಾರೆ. ಸಂಗ್ರಾಹಕರು ಬರಹ ನೋಡಿ ಕೊಳ್ಳುತ್ತಾರೆ. ನಿಮ್ಮದು ಎರಡನೆಯವರಿಗೆ ತೋರಿಸಬೇಕಾದ ವಸ್ತು.

ಪ್ರಶ್ನೆ: ಮದ್ದೂರಿನಲ್ಲಿ ನಮ್ಮ ಮನೆತನದವರು ಕಟ್ಟಿಸಿದ್ದ ಛತ್ರದ ಮರದ ಫಲಕದಲ್ಲಿ ‘ರಕ್ತಾಕ್ಷಿ ಸಂ।’ ಎಂದೂ ‘ಮದ್ದೂರು, ಮೈಸೂರು ಜಿಲ್ಲೆ’ ಎಂದೂ ಇದೆ. ಇಸವಿ ಇಲ್ಲ. ಇದರ ಕಾಲ ಯಾವುದು? ಬಣ್ಣ ಚಕ್ಕೆ ಏಳುತ್ತಿದ್ದು, ಬಡಗಿಯವರು ಉಪ್ಪುಕಾಗದ ಹಾಕಿ ಉಜ್ಜಿ ಹೊಸದಾಗಿ ಬರೆಸೋಣ ಎನ್ನುತ್ತಾರೆ.
— ಓದುಗರು, ಮಂಡ್ಯ

ಉತ್ತರ: ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ರಕ್ತಾಕ್ಷಿ ಬಂದದ್ದು 1924–25ರಲ್ಲಿ, ಅನಂತರ 1984–85ರಲ್ಲಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಮದ್ದೂರು ಮೈಸೂರು ಜಿಲ್ಲೆಯಲ್ಲಿತ್ತು. ಆದ್ದರಿಂದ ಎರಡೂ ಬರಹಗಳು ಒಂದೇ ಕೈಯವಾಗಿದ್ದರೆ 1984–85 ಅಲ್ಲ, 1924–25 ಎಂದು ಊಹಿಸಬಹುದು. ಹಳೆಯ ಫಲಕ ಹಾಳಾದಾಗ ಅಕ್ಷರಶಃ ನಕಲು ಮಾಡಿಸಿದ್ದೂ ಉಂಟು, ಹಾಗಾಗಿ ಮೇಲೆ ಹೇಳಿದಂತೆ ಬೆನ್ನನ್ನು ಪರೀಕ್ಷಿಸಿ. ಅಲ್ಲಿ ಪ್ಲೈವುಡ್ಡಿನ ಪದರ ಕಂಡರೆ ಫಲಕ ನಕಲು.

ಉಜ್ಜಿಸುವ ಮಾತಿಗೆ ಖಂಡಿತ ಒಪ್ಪಬೇಡಿ. ಉಜ್ಜಿದ ದಿನವೇ ಫಲಕದ ಬೆಲೆಯ ಬಹುಪಾಲು ಪುಡಿಯಾಗಿ ಕಸಬರಿಗೆಗೆ ಸೇರುತ್ತದೆ, ಮಿಕ್ಕುವುದು ಹಲಗೆ. ಜೊತೆಗೆ ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯ, ಆ ಪುಡಿ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಒಣಗಿದ ಮೃದುವಾದ ಕುಂಚದಿಂದ ಧೂಳು ತೆಗೆಯಿರಿ. ಚಕ್ಕೆ ಎದ್ದ ಕಡೆ ಕುಂಚವನ್ನೂ ಮುಟ್ಟಿಸಬೇಡಿ. ನೀರು, ಸೀಮೆಎಣ್ಣೆ, ಥಿನ್ನರ್, ಹೊಳಪಿಗೆಂದು ಹಚ್ಚುವ ಕೊಬ್ಬರಿ ಎಣ್ಣೆ ಯಾವುದೂ ಬೇಡ. ಚಕ್ಕೆಗಳನ್ನು ಮರಳಿ ಕೂರಿಸುವುದು ಸಂರಕ್ಷಣೆ ಕಲಿತವರ ಕೆಲಸ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿಯೇ ಇದೆ, ಅಲ್ಲಿ ಸಲಹೆ ಕೇಳಬಹುದು. ಛತ್ರದ ಬಾಗಿಲಿಗೆ ಫಲಕ ಬೇಕೇ ಬೇಕೆಂದಾದರೆ ಹೊಸ ಹಲಗೆಯ ಮೇಲೆ ಬರೆಸಿ.

ಪ್ರಶ್ನೆ: ಹಳೆಯ ಸಾಮಾನಿನ ಅಂಗಡಿಯಲ್ಲಿ ಕೆತ್ತನೆಯ ಸ್ವಾಗತ ಫಲಕವೊಂದನ್ನು ನೋಡಿದೆ. ಹುಳು ತಿಂದ ತೂತುಗಳೇ ಅದರ ಹಳಮೆಗೆ ಸಾಕ್ಷಿ ಎಂದರು. ಸರಿಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ತೂತು ಸಾಕ್ಷಿಯೇ, ಆದರೆ ಎರಡೂ ಕಡೆಗೆ ಹೇಳುವ ಸಾಕ್ಷಿ. ಮರ ಕೊರೆಯುವ ಹುಳು ಒಳಗೆ ಸುರಂಗ ಮಾಡಿ ಹೊರಬರುವಾಗ ಮೇಲ್ಮೈಯಲ್ಲಿ ದುಂಡನೆಯ ರಂಧ್ರವನ್ನಷ್ಟೇ ಬಿಡುತ್ತದೆ. ಕೆತ್ತನೆಯ ಮೇಲೆ ಸುರಂಗವೇ ಉದ್ದಕ್ಕೆ ಬಾಯಿಬಿಟ್ಟ ತೋಡಿನಂತೆ ಕಂಡರೆ, ಹುಳು ತಿಂದ ಹಳೆಯ ತೊಲೆಯನ್ನು ಅನಂತರ ಕೊಯ್ದು ಕೆತ್ತಿದ್ದಾರೆ ಎಂದರ್ಥ: ಮರ ಹಳೆಯದು, ಫಲಕ ಹೊಸದು. ತೂತುಗಳೆಲ್ಲ ಒಂದೇ ಆಳಕ್ಕೆ ನೇರವಾಗಿ ಇಳಿದಿದ್ದರೆ ಅದು ಡ್ರಿಲ್ಲಿನ ಕೆಲಸ.

ಪ್ರಶ್ನೆ: ನಮ್ಮಲ್ಲಿ ಬೀಟೆ ಮರದ ನಾಮಫಲಕವಿದೆ, ಅದರಲ್ಲಿ ಬಿಳಿಯ ಚೂರುಗಳನ್ನು ಕೂರಿಸಿ ಗಂಡಭೇರುಂಡ ಮಾಡಿದ್ದಾರೆ. ಅರಮನೆಯದಿರಬಹುದೇ? ಅಮೆರಿಕದಲ್ಲಿರುವ ಮಗನಿಗೆ ಕಳುಹಿಸಬಹುದೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಗಂಡಭೇರುಂಡ ಒಡೆಯರ ಲಾಂಛನವಾದರೂ ಮೈಸೂರಿನ ಕುಸುರಿ ಕೆಲಸದವರು ಅದನ್ನು ಮಾರಾಟದ ವಸ್ತುಗಳಲ್ಲಿಯೂ ಧಾರಾಳವಾಗಿ ಬಳಸಿದ್ದಾರೆ, ಕಾಗದಪತ್ರವಿಲ್ಲದೆ ಅರಮನೆಯದೆನ್ನಲು ಬಾರದು. ಬಿಳಿಯ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿ: ಅಡ್ಡ ಕೊಯ್ದ ದಂತದಲ್ಲಿ ಒಂದನ್ನೊಂದು ಹಾಯುವ ಸೂಕ್ಷ್ಮ ಗೆರೆಗಳು ಕಾಣಬಹುದು, ಮೂಳೆಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಎರಡೂ ಇರುವುದಿಲ್ಲ. ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆ ವಸ್ತುವನ್ನು ಕೆಡಿಸುತ್ತದೆ. ಹಳೆಯ ಮೈಸೂರು ಕುಸುರಿಯಲ್ಲಿ ದಂತದ ಬಳಕೆ ಇತ್ತು. ದಂತವೆಂದು ತೋರಿದರೆ ಬೆಲೆಯ ಪ್ರಶ್ನೆಯೇ ಉಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ತರುವಾಯ ದಂತದ ವ್ಯಾಪಾರ ನಿಷಿದ್ಧ, ಇಟ್ಟುಕೊಳ್ಳುವುದಕ್ಕೂ ಅರಣ್ಯ ಇಲಾಖೆಯ ಒಡೆತನದ ಪ್ರಮಾಣಪತ್ರ ಬೇಕು.

ದಂತವಲ್ಲದಿದ್ದರೂ ಕಳುಹಿಸುವ ಮುನ್ನ ಎರಡು ಸಂಗತಿ ಗಮನಿಸಿ. ಬೀಟೆ ಮರವು, ಅಳಿವಿನ ಭೀತಿಯಲ್ಲಿರುವ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ಅದರ ವಸ್ತುಗಳನ್ನು ಗಡಿ ದಾಟಿಸಲು ನಿಯಮಗಳಿವೆ. ನೂರು ವರ್ಷ ತುಂಬಿದ ಕಲಾವಸ್ತು 1972ರ ಪುರಾವಸ್ತು ಕಾಯಿದೆಯ ಅಡಿಯಲ್ಲಿ ಬರುತ್ತದೆ, ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಹಳೆಯದಾಗಿ ಕಾಣುವ, ಆದರೆ ಅಷ್ಟು ವಯಸ್ಸಾಗದ ವಸ್ತುವಿಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪತ್ರ ಪಡೆದಿಟ್ಟುಕೊಂಡರೆ ಕಸ್ಟಮ್ಸ್‌ನಲ್ಲಿ ತೊಡಕಾಗದು. ಅರ್ಜಿಯ ಜೊತೆಗೆ ಮುಂಭಾಗದ ಫೋಟೋವನ್ನಷ್ಟೇ ಅಲ್ಲದೆ ಹಿಂಭಾಗದ ಫೋಟೋವನ್ನೂ ಲಗತ್ತಿಸಿ.