ರೇಯಾನ್ ಬಟ್ಟೆ ಹತ್ತಿಯೋ, ಪ್ಲಾಸ್ಟಿಕ್ಕೋ?

ಕಾಸರಗೋಡಿನಲ್ಲಿ ರೇಯಾನ್ ಚೂಡಿದಾರ್ ಕೊಂಡವರ ಪ್ರಶ್ನೆ ಇದು.

ಎರಡೂ ಅಲ್ಲ. ಮೂಲ ಮರದ ಅಥವಾ ಬಿದಿರಿನ ತಿರುಳು, ಅಂದರೆ ಹತ್ತಿಯಲ್ಲಿರುವ ಸೆಲ್ಯುಲೋಸ್ ಎಂಬ ಸಸ್ಯಪದಾರ್ಥವೇ. ಆದರೆ ಅದನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಜೇನಿನಂಥ ದ್ರವವಾಗಿಸಿ, ಸಣ್ಣ ತೂತುಗಳಿಂದ ಆಮ್ಲಕ್ಕೆ ಹಾಯಿಸಿ ಎಳೆ ಮಾಡುತ್ತಾರೆ. ಅದಕ್ಕೇ ಅರೆ ಕೃತಕ. ಈ ವಿಸ್ಕೋಸ್ ವಿಧಾನ 1892ರದ್ದು. ಒಂದು ನೂಲು ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉದುರುವ ಬೂದಿ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಬೆವರು ಹೀರುವುದರಿಂದ ನಮ್ಮ ಕರಾವಳಿಯ ಸೆಖೆಗೆ ನೈಟಿ, ಕುರ್ತಾ ಬಹಳ ಹಿತ. ಬ್ಯಾಂಡೇಜು, ಟಯರಿನ ಒಳನೂಲಿಗೂ ಬಳಸುತ್ತಾರೆ. ಒದ್ದೆಯಾದಾಗ ಮಾತ್ರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಲ್ಲಿಗೆ ಬಡಿದು ಒಗೆಯಬೇಡಿ, ಹಿಂಡಲೂ ಬೇಡಿ. ಆಟಿ ಮಳೆಗಾಲದಲ್ಲಿ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೇ ಜೋತುಬೀಳುತ್ತದೆ. ಚಾವಡಿಯಲ್ಲಿ ಹರಡಿ ಒಣಗಿಸಿ.